ಅಜ್ಜನ ಕೋವಿ ಯಾವುದು ಅಂತ ಕೊನೆಗೂ ಗೊತ್ತಾಯಿತು

ಮನೆಯಲ್ಲಿ ಹಳೇ ಕೋವಿ ಇದೆ, ಅದರ ಮೇಲೆ ಏನೇನೋ ಮುದ್ರೆ ಇದೆ, ಏನಂತ ಗೊತ್ತಿಲ್ಲ ಅನ್ನುವವರು ದಂಡು ಪ್ರದೇಶದ ಈ ಅಂಗಡಿಗೆ ಒಮ್ಮೆ ಹೋಗಿ. ನಾನು ಕೊಳ್ಳಲೂ ಹೋಗಿರಲಿಲ್ಲ, ಮಾರಲೂ ಹೋಗಿರಲಿಲ್ಲ. ಬರೀ ಗುರುತು ಹಿಡಿಸಿ, ಬೆಲೆ ಕೇಳಿಕೊಂಡು ಬರಲು ಹೋಗಿದ್ದೆ.

ನಮ್ಮದು ಸಕಲೇಶಪುರದ ಕಡೆ. ಅಜ್ಜನ ಕಾಲದ ಕೋವಿ ಇದು. ಅಪ್ಪ ತೀರಿಕೊಂಡ ಮೇಲೆ ಠೇವಣಿ, ಅರ್ಜಿ, ವಿಚಾರಣೆ ಎಲ್ಲ ಮುಗಿದು ನನ್ನ ಹೆಸರಿಗೆ ಬಂತು. ಮನೆಯಲ್ಲಿ ಎಲ್ಲರೂ ಅದನ್ನು ‘ಮಿಲಿಟರಿ ರೈಫಲ್’ ಅಂತಲೇ ಕರೆಯುತ್ತಿದ್ದರು. ಬೋಲ್ಟಿನ (ತೋಟಾ ಒಳಗೆ ತಳ್ಳಿ ಮುಚ್ಚಲು ಕೈಯಲ್ಲಿ ಎಳೆಯುವ ಭಾಗ) ಹಿಂದೆ, ಬಲಗಡೆ, ಒಂದು ಕಿರೀಟ, ಅದರ ಕೆಳಗೆ ಜಿ.ಆರ್. (ರಾಜ ಜಾರ್ಜ್‌ನ ಗುರುತು), ಎನ್‌ಫೀಲ್ಡ್, 1917 ಅಂತ ಅಚ್ಚು. ಅಲ್ಲಲ್ಲಿ ಕಾಗೆ ಕಾಲಿನಂಥ ಬಾಣದ ಗುರುತು. ಮೊದಲ ಮಹಾಯುದ್ಧದ್ದು, ಮಾರಿದರೆ ಲಕ್ಷಗಟ್ಟಲೆ ಬರುತ್ತದೆ ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಇಲ್ಲಿಗೆ ಬರುವ ಮೊದಲು ಇನ್ನೊಂದು ಕಡೆ ತೋರಿಸಿದ್ದೆ. ಅವರು ಮುದ್ರೆ ಕಡೆ ಕಣ್ಣೂ ಹಾಯಿಸದೆ ‘ಹಳೇ ಕಬ್ಬಿಣ, ಬಿಟ್ಟು ಹೋಗಿ’ ಅಂದುಬಿಟ್ಟರು. ತುಂಬಾ ಬೇಜಾರಾಗಿತ್ತು.

ಈ ಅಂಗಡಿಯ ಯಜಮಾನರು ಮೊದಲು ಲೈಸೆನ್ಸ್ ಪುಸ್ತಕ ಕೇಳಿದರು. ಖಾಲಿ ಇದೆ ಅಂತ ನಾನು ಹೇಳಿದರೂ ತಾವೇ ಬೋಲ್ಟ್ ಎಳೆದು ಬೆರಳು ಹಾಕಿ ನೋಡಿದರು. ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ‘ನೀವೇ ನೋಡಿ ಸಾರ್’ ಅಂದರು. ಒಳಗೆ ಪೂರ್ತಿ ನುಣುಪು! ರೈಫಲ್ ಆಗಿದ್ದರೆ ತಿರುಚಿಕೊಂಡು ಹೋಗುವ ಗೀರುಗಳು ಇರಬೇಕಿತ್ತು. ಗುಂಡುಗಳ ಪೆಟ್ಟಿಗೆ (ಮ್ಯಾಗಜಿನ್) ಇರಬೇಕಾದ ಜಾಗಕ್ಕೆ ಮರದ ತುಂಡು ಕೂರಿಸಿ ಮುಚ್ಚಿದ್ದಾರೆ, ಹಾಗಾಗಿ ಒಂದು ಸಲಕ್ಕೆ ಒಂದೇ ತೋಟಾ. ಇದು .410 ಮಸ್ಕೆಟ್, ಅಂದರೆ .410 ಇಂಚು ಅಗಲದ ನುಣುಪು ನಳಿಗೆಯ ಕೋವಿ. ಸೈನ್ಯದ .303 ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಹೀಗೆ ನುಣುಪು ನಳಿಗೆಗೆ ಬದಲಾಯಿಸಿ ಪೊಲೀಸರಿಗೆ, ಕಾವಲಿನವರಿಗೆ ಕೊಡುತ್ತಿದ್ದರಂತೆ. 1917 ಅನ್ನುವುದು ರೈಫಲ್ ಹುಟ್ಟಿದ ವರ್ಷ, ಮಸ್ಕೆಟ್ ಆದ ವರ್ಷ ಅಲ್ಲ. ಬಾಣದ ಗುರುತು ಇದ್ದರೆ ಅದು ಸರ್ಕಾರದ ಸ್ವತ್ತು ಅಂತ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸರ್ಕಾರ ಅದನ್ನು ಸೇವೆಯಿಂದ ಬಿಟ್ಟು ಮಾರಿದೆ ಅಂತ.

ಇನ್ನೊಂದು ಮುಖ್ಯ ವಿಷಯ. ನಮ್ಮ ದೇಶದಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ‘ರೈಫಲ್’ ಅಂತ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಬೇಡಿ ಅಂದರು. ಪುಸ್ತಕದಲ್ಲಿ .410 ಅಂತ ಸರಿಯಾಗಿಯೇ ಬರೆದಿತ್ತು, ಇಷ್ಟು ವರ್ಷ ನಮ್ಮಲ್ಲಿ ಯಾರೂ ಓದಿರಲಿಲ್ಲ ಅಷ್ಟೇ.

ತೋಟಾ ಕೂರುವ ಜಾಗದ ಅಳತೆಯನ್ನೂ ತೆಗೆದರು. ಇಂಥ ಮಸ್ಕೆಟ್‌ಗೆ ಮೊದಲು ಬರುತ್ತಿದ್ದದ್ದು .303 ಹಿತ್ತಾಳೆ ಕೇಸಿನ ಕತ್ತು ಕಿರಿದು ಮಾಡದೆ ನೇರವಾಗಿಯೇ ಬಿಟ್ಟ ತೋಟಾ. ಅಂಗಡಿಯಲ್ಲಿ ಸಿಗುವ ಮಾಮೂಲಿ .410 ಅದಕ್ಕೆ ಕೂರುವುದಿಲ್ಲ. ಕೆಲವನ್ನು ಆಮೇಲೆ ಯಾರೋ ಕೊರೆದು ಹಿಗ್ಗಿಸಿರುತ್ತಾರೆ, ಹಾಗಾಗಿ ಅಳೆದು ನೋಡದೆ ತೋಟಾ ಹಾಕಲೇಬಾರದು. ನಮ್ಮದನ್ನು ಕೊರೆದಿಲ್ಲ.

ಬೆಲೆ ವಿಚಾರಕ್ಕೆ ಬಂದರೆ, ಚಿಕ್ಕಪ್ಪನ ಲಕ್ಷ ಅಲ್ಲೇ ಕರಗಿತು. ಬೋಲ್ಟಿನ ಮೇಲಿನ ನಂಬರಿಗೂ ಮೈಮೇಲಿನ ನಂಬರಿಗೂ ತಾಳೆ ಇಲ್ಲ, ಅಂದರೆ ಎಲ್ಲೋ ಬದಲಾಗಿದೆ. ಕೊಳ್ಳುವವನಿಗೂ ಲೈಸೆನ್ಸ್ ಬೇಕು, ಈಗ ಒಬ್ಬರಿಗೆ ಎರಡೇ ಆಯುಧ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮೊದಲು ಮೂರಿತ್ತು. ಇರುವ ಎರಡರಲ್ಲಿ ಒಂದು ಜಾಗವನ್ನು ತೋಟಾ ಸಿಗದ ಮಸ್ಕೆಟ್‌ಗೆ ಯಾರು ಕೊಡುತ್ತಾರೆ? ಒಳ್ಳೇ ಇಂಗ್ಲಿಷ್ ಜೋಡಿ ನಳಿಗೆ ಆಗಿದ್ದರೆ ಲೆಕ್ಕವೇ ಬೇರೆ, ಆಮದು ನಿಂತು ದಶಕಗಳಾದ ಕಾರಣ ಅದಕ್ಕೆ ಇವತ್ತಿಗೂ ಗಿರಾಕಿ ಇದ್ದಾರೆ ಅಂದರು. ಮುದ್ರೆ ನಂಬಿ ದುಡ್ಡು ಕೊಡಬೇಡಿ ಅಂತಲೂ ಹೇಳಿದರು. ಅಮೆರಿಕದಲ್ಲಿ ವಿಂಚೆಸ್ಟರ್ 1897 ಅನ್ನುವ ಕೋವಿಯ ಕಂದಕ ಯುದ್ಧದ ಮಾದರಿಗೆ ಬೆಲೆ ಜಾಸ್ತಿ ಅಂತ ಮಾಮೂಲಿ ಕೋವಿಗೇ ಸೈನ್ಯದ ಮುದ್ರೆ ಹೊಡೆದು ಮಾರುವವರಿದ್ದಾರೆ. ಹಳೇ ಅಚ್ಚಿನ ಅಂಚು ಕೈಯಾಡಿ ಸವೆದಿರುತ್ತದೆ, ಹೊಸದು ಬಣ್ಣವನ್ನು ಸೀಳಿಕೊಂಡು ಚೂಪಾಗಿ ಕೂತಿರುತ್ತದೆ.

ಮುದ್ರೆ ಚೆನ್ನಾಗಿ ಕಾಣಲಿ ಅಂತ ನಾನು ಎಮರಿ ಪೇಪರ್ ಹಾಕಿ ಉಜ್ಜಬೇಕು ಅಂತಿದ್ದೆ. ಸದ್ಯ, ಉಜ್ಜಿರಲಿಲ್ಲ! ಉಜ್ಜಿದರೆ ಇರುವ ಬೆಲೆಯೂ ಹೋಗುತ್ತದಂತೆ. ಸೀಮೆಸುಣ್ಣದ ಪುಡಿ ಸವರಿ ಓರೆಯಾಗಿ ಟಾರ್ಚ್ ಬಿಟ್ಟರೆ ಸಾಕು, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅಲ್ಲೇ ಮಾಡಿ ತೋರಿಸಿದರು.

ಕೊರತೆ ಎರಡಿವೆ. ಬರಹದಲ್ಲಿ ಕೊಟ್ಟ ವರದಿ ನಾಲ್ಕೇ ಸಾಲು, ಬಾಯಲ್ಲಿ ಹೇಳಿದ್ದರ ಕಾಲು ಭಾಗವೂ ಅದರಲ್ಲಿಲ್ಲ. ಅದಕ್ಕೆ ಮೂರು ಸಲ ಓಡಾಡಿದೆ. ನೀವು ಹೋದರೆ ಮುದ್ರೆಗಳ ಫೋಟೊ ತೆಗೆದುಕೊಂಡು, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಗಾಡಿ ನಿಲ್ಲಿಸಲು ಜಾಗವೂ ಇಲ್ಲ, ಕೋವಿ ಹಿಡಿದು ದೂರ ನಡೆಯುವುದು ಒಳ್ಳೆಯದಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಲೈಸೆನ್ಸ್ ಪುಸ್ತಕದ ಅಸಲು ಮರೆಯಬೇಡಿ, ನಕಲು ತೋರಿಸಿದರೆ ಮುಟ್ಟುವುದೂ ಇಲ್ಲ. ಚುನಾವಣೆ ಘೋಷಣೆಯಾದ ಮೇಲಂತೂ ಹೋಗಬೇಡಿ, ಕೋವಿ ಠೇವಣಿ ಇಡುವವರ ಸಾಲೇ ಬಾಗಿಲ ತನಕ ಇರುತ್ತದೆ.