ಹಳೇ ಟಿವಿ ವಯರಿನಲ್ಲಿ ಇಂಟರ್ನೆಟ್ ಹಾಯಿಸುವ ಮೊದಲು ಟೆರೇಸ್ ಹತ್ತಿ ನೋಡಿ

ಗೋಡೆಯೊಳಗೆ ಹಳೇ ಟಿವಿ ವಯರು ಉಂಟಲ್ವಾ, ಅದರಲ್ಲೇ ಎಲ್ಲಾ ಕೋಣೆಗೂ ಇಂಟರ್ನೆಟ್ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಮುಂಗಡ ಕೊಡಲು ಅವಸರ ಮಾಡಬೇಡಿ. ಹಾಗೆ ಮಾಡಲು ಸಾಧ್ಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಾಧ್ಯವಿದೆ, ಅದಕ್ಕೆ ಬೇಕಾದ ಒಳ್ಳೆಯ ಪೆಟ್ಟಿಗೆಗಳೂ ಇವೆ. ಆದರೆ ಆ ವಯರಿನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಪೆಟ್ಟಿಗೆ ಸಿಕ್ಕಿಸಿ ದುಡ್ಡು ತೆಗೆದುಕೊಂಡು ಹೋಗುವವರಿದ್ದಾರೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಕೊನೆಗೆ ಲ್ಯಾಪ್‌ಟಾಪ್‌ವರೆಗೆ ಹೊಡೆತ ಬಿತ್ತು.

ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಮನೆ. ಮುರಕಲ್ಲಿನ ದಪ್ಪ ಗೋಡೆ, ಮೇಲೊಂದು ಮಹಡಿ. ಫೈಬರ್ ಬಂದು ಕೂತಿರುವುದು ಕೆಳಗಿನ ಎದುರಿನ ಕೋಣೆಯಲ್ಲಿ. ಮಗಳು ಬೆಂಗಳೂರಿನ ಕಂಪನಿಯ ಕೆಲಸ ಮಾಡುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ನಡುವೆ ಮೂರು ಗೋಡೆ, ಒಂದು ಕಾಂಕ್ರೀಟ್ ಸ್ಲ್ಯಾಬ್. ವೈಫೈ ಅಲ್ಲಿಗೆ ಮುಟ್ಟುವಾಗ ಏನೂ ಉಳಿದಿರುವುದಿಲ್ಲ. ಅದರಲ್ಲೂ ವೇಗದ 5 ಗಿಗಾಹರ್ಟ್ಸ್ ವೈಫೈ ಮುರಕಲ್ಲು ದಾಟುವುದು ಕಷ್ಟ.

ಪೇಟೆಯ ಒಂದು ಅಂಗಡಿಯಿಂದ ಬಂದವರು ಎಲ್ಲಾ ನೋಡಿದರು. "ಗೋಡೆ ಒಡೆಯುವುದೇ ಬೇಡ ಅಣ್ಣಾ. ಕೇಬಲ್ ಟಿವಿ ಕಾಲದ ವಯರು ಒಳಗೇ ಉಂಟಲ್ವಾ? ಆಚೆ ಒಂದು ಬಾಕ್ಸ್, ಈಚೆ ಒಂದು ಬಾಕ್ಸ್. ಫುಲ್ ಸ್ಪೀಡ್" ಅಂದರು. ಜೋಡಿಗೆ ಹದಿನಾರು ಸಾವಿರ ರೂಪಾಯಿ, ಕೂಲಿ ಬೇರೆ. ಟಿವಿಗೆ ತೊಂದರೆ ಆಗುತ್ತದಾ ಅಂತ ನಾನು ಕೇಳಿದೆ. "ಎಂತ ತೊಂದ್ರೆಯೂ ಇಲ್ಲ, ಗ್ಯಾರಂಟಿ" ಅಂದರು.

ಬಂದ ಪೆಟ್ಟಿಗೆಗಳು ಮೋಕಾ 2.5 ಎಂಬ ಜಾತಿಯವು. ಮೋಕಾ ಅಂದರೆ ಟಿವಿಯ ಕೋಆಕ್ಸ್ ವಯರಿನಲ್ಲಿ ಡೇಟಾ ಕಳಿಸುವ ಪದ್ಧತಿ. 2004ರಲ್ಲಿ ಕೆಲವು ಕಂಪನಿಗಳು ಸೇರಿ ಇದಕ್ಕಾಗಿ ಒಂದು ಒಕ್ಕೂಟ ಮಾಡಿಕೊಂಡವು. 2.5 ಎಂಬ ಆವೃತ್ತಿ ಲೆಕ್ಕಕ್ಕೆ ಸೆಕೆಂಡಿಗೆ 2.5 ಗಿಗಾಬಿಟ್‌ವರೆಗೆ ಹೋಗುತ್ತದೆ. ಅಮೆರಿಕದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಕೋಣೆಗೊಂದು ಕೋಆಕ್ಸ್ ಪಾಯಿಂಟ್ ಇರುತ್ತದೆ. ಕೇಬಲ್ ಟಿವಿ ಸಾಮಾನ್ಯವಾಗಿ ಸಾವಿರ ಮೆಗಾಹರ್ಟ್ಸ್ ಒಳಗೆ ಮುಗಿಯುತ್ತದೆ. ಮೋಕಾ ಅದರ ಮೇಲೆ, 1125ರಿಂದ 1675 ಮೆಗಾಹರ್ಟ್ಸ್ ನಡುವೆ ಓಡುತ್ತದೆ. ಒಂದೇ ವಯರಿನಲ್ಲಿ ಟಿವಿಯೂ ಇಂಟರ್ನೆಟ್ಟೂ, ಒಂದಕ್ಕೊಂದು ಮುಟ್ಟದೆ.

ನಮ್ಮಲ್ಲಿ ಕೇಬಲ್ ಬಿಟ್ಟು ಅದೇ ವಯರಿಗೆ ಡಿಶ್ ಹಾಕಿಸಿ ವರ್ಷಗಳೇ ಆದವು. ಊರಲ್ಲಿ ಹೆಚ್ಚಿನ ಮನೆಗಳ ಕಥೆ ಇದೇ. ಡಿಶ್‌ನ ಲೆಕ್ಕ ಬೇರೆ. ಉಪಗ್ರಹದಿಂದ ಬರುವ ಸಿಗ್ನಲ್ ಹತ್ತು ಹನ್ನೆರಡು ಗಿಗಾಹರ್ಟ್ಸ್‌ನದ್ದು. ಅಷ್ಟು ಮೇಲಿನದ್ದು ಮಾಮೂಲಿ ವಯರಿನಲ್ಲಿ ಇಳಿದು ಬರುವಷ್ಟರಲ್ಲಿ ಸತ್ತೇ ಹೋಗುತ್ತದೆ. ಅದಕ್ಕೇ ಡಿಶ್‌ನ ಮುಂದೆ ಒಂದು ಮೂತಿ ಇರುತ್ತದಲ್ಲ, ಎಲ್‌ಎನ್‌ಬಿ, ಅದು ಸಿಗ್ನಲನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗೆ ಕಳಿಸುತ್ತದೆ. ಈಗ ಮೇಲಿನ ಅಂಕಿ ಇನ್ನೊಮ್ಮೆ ನೋಡಿ. ಮೋಕಾ ಓಡುವ ಜಾಗ ಪೂರ್ತಿಯಾಗಿ ಇದರ ಹೊಟ್ಟೆಯೊಳಗೇ ಬರುತ್ತದೆ. ಎರಡನ್ನೂ ಒಂದೇ ವಯರಿಗೆ ಬಿಟ್ಟರೆ ಜಗಳ ಖಂಡಿತ.

ಜಗಳ ಶುರುವಾದದ್ದು ಅತ್ತೆಯ ಟಿವಿಯಲ್ಲಿ. ಎಲ್ಲಾ ಚಾನೆಲ್ ಹೋಗಿದ್ದರೆ ಕಾರಣ ಬೇಗ ತಿಳಿಯುತ್ತಿತ್ತು. ಕೆಲವು ಚಾನೆಲ್ ಚಂದ ಬರುತ್ತಿತ್ತು, ಕೆಲವು ಚೌಕ ಚೌಕವಾಗಿ ಒಡೆಯುತ್ತಿತ್ತು, ಇನ್ನು ಕೆಲವಕ್ಕೆ ಸಿಗ್ನಲ್ಲೇ ಇಲ್ಲ. ಮಗಳು ದೊಡ್ಡ ಫೈಲ್ ಇಳಿಸುವಾಗ ಇನ್ನೂ ಜಾಸ್ತಿ. ಮೋಕಾದ ಜಾಗಕ್ಕೆ ಬಿದ್ದ ಚಾನೆಲ್‌ಗಳಿಗೆ ಮಾತ್ರ ಪೆಟ್ಟು, ಉಳಿದವು ಆರಾಮ. ಆದರೆ ಅದು ನಮಗೆ ಆಗ ಹೇಗೆ ಗೊತ್ತಾಗಬೇಕು? ಫೋನ್ ಮಾಡಿದಾಗ ಅಂಗಡಿಯವರು "ಗಾಳಿಗೆ ಡಿಶ್ ಅಲುಗಿರಬೇಕು, ಡಿಶ್‌ನವರನ್ನೇ ಕರೆಯಿರಿ" ಅಂದರು. ಡಿಶ್‌ನವರು ಬಂದರು, ಮೀಟರ್ ಹಿಡಿದರು, ಸಿಗ್ನಲ್ ಫುಲ್ ಉಂಟು ಅಂದರು, ಬಂದದ್ದಕ್ಕೆ ಚಾರ್ಜ್ ತೆಗೆದುಕೊಂಡು ಹೋದರು. ಅತ್ತೆಗೆ ಸಾಯಂಕಾಲದ ಧಾರಾವಾಹಿ ಇಲ್ಲ ಅಂದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಕಡೆಗೆ ಮಗಳೇ ಮೋಕಾ ಪೆಟ್ಟಿಗೆಯ ಪ್ಲಗ್ ತೆಗೆದಳು. ಎಲ್ಲಾ ಚಾನೆಲ್ ವಾಪಸ್.

ನಿಮ್ಮಲ್ಲಿ ಕೆಲವೇ ಚಾನೆಲ್ ಕೈಕೊಡುತ್ತಿದ್ದರೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಪೆಟ್ಟಿಗೆ ಆಫ್ ಮಾಡಿ ನೋಡಿ. ಯಾರನ್ನೂ ಕರೆಯಬೇಕಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ ಉಂಟು. ಸೆಟ್‌ಟಾಪ್ ಬಾಕ್ಸ್‌ನಿಂದ ಡಿಶ್‌ನ ಎಲ್‌ಎನ್‌ಬಿಗೆ ಅದೇ ವಯರಿನಲ್ಲಿ 13 ಅಥವಾ 18 ವೋಲ್ಟ್ ಕರೆಂಟ್ ಹೋಗುತ್ತಿರುತ್ತದೆ. ನಡುವೆ ಕೂತ ಪೆಟ್ಟಿಗೆಗೆ ಅದನ್ನು ತಡೆಯುವ ವ್ಯವಸ್ಥೆ ಇಲ್ಲದಿದ್ದರೆ ಪೆಟ್ಟಿಗೆಯೇ ಹಾಳಾಗಬಹುದು. ಅಮೆರಿಕದ ಡಿಶ್ ಕಂಪನಿ ಡೈರೆಕ್‌ಟಿವಿ ತನ್ನ ಬಾಕ್ಸ್‌ಗಳ ನಡುವೆ ಇಂಥದೇ ಪದ್ಧತಿ ತಂದಾಗ, ಉಪಗ್ರಹದ ಸಿಗ್ನಲ್‌ಗೆ ತಾಗದಂತೆ ಕೆಳಗಿನ ಬೇರೆ ಫ್ರೀಕ್ವೆನ್ಸಿ ಆರಿಸಿಕೊಂಡಿತು. ಅಂದರೆ ಈ ತೊಂದರೆ ಹೊಸದಲ್ಲ, ಈ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕಾದದ್ದು.

ಟಿವಿಗೆ ಡಿಶ್‌ನಿಂದ ಹೊಸ ವಯರು ಹೊರಗಿನಿಂದಲೇ ಎಳೆಸಿದೆವು. ಅದರ ದುಡ್ಡೂ ನಮ್ಮದೇ. ಟಿವಿ ಸರಿಯಾಯಿತು. ಇಂಟರ್ನೆಟ್ ಆಗಲಿಲ್ಲ. ನೂರು ಎಂಬಿಪಿಎಸ್ ಪ್ಲಾನ್‌ನಲ್ಲಿ ಮಹಡಿಗೆ ಒಮ್ಮೊಮ್ಮೆ ಹತ್ತು ಬಂದರೆ ಹೆಚ್ಚು. ಅಂಗಡಿಯವರು ಇದಕ್ಕೆ ತಂದ ಮದ್ದು ಒಂದು ಟಿವಿ ಬೂಸ್ಟರ್. ಅದನ್ನು ಹಾಕಿದ ಕೂಡಲೇ ಇದ್ದ ಹತ್ತೂ ಹೋಯಿತು. ಹೋಗದೆ ಇನ್ನೇನು? ಕೇಬಲ್ ಟಿವಿಯ ಬೂಸ್ಟರ್ ಇರುವುದು 47ರಿಂದ 862 ಮೆಗಾಹರ್ಟ್ಸ್‌ಗೆ, ಅದೂ ಒಂದೇ ದಿಕ್ಕಿಗೆ. ಮೋಕಾಗೆ ಹೋಗಲೂ ದಾರಿ ಬೇಕು, ಬರಲೂ ದಾರಿ ಬೇಕು.

ನಿಜವಾದ ಕಾರಣ ಮಹಡಿಯ ಸ್ವಿಚ್ ಬೋರ್ಡ್‌ನ ಹಿಂದೆ ಅಡಗಿತ್ತು. ಕೇಬಲ್ ಕಾಲದ ಒಂದು ಸ್ಪ್ಲಿಟರ್, ಅಂದರೆ ಒಂದು ವಯರಿನ ಸಿಗ್ನಲನ್ನು ಹಲವು ವಯರಿಗೆ ಹಂಚುವ ತುಂಡು. ಮೈಮೇಲೆ 5–1000 ಮೆಗಾಹರ್ಟ್ಸ್ ಅಂತ ಅಚ್ಚು ಹಾಕಿದ್ದಾರೆ, ಓದಲು ಬಂದರೆ ಸಾಕು. 1125ರಿಂದ ಶುರುವಾಗುವ ಸಿಗ್ನಲ್ ಅದರಲ್ಲಿ ಸೋರಿ ಸೋರಿ ಹೋಗುತ್ತಿತ್ತು. ಅದರ ಪಕ್ಕದಲ್ಲೇ ಎರಡು ವಯರಿನ ಒಳಗಿನ ತಂತಿ ತಿರುಚಿ ಟೇಪ್ ಸುತ್ತಿದ ಜೋಡಣೆ. ಟಿವಿ ಇಂಥದ್ದನ್ನೆಲ್ಲ ಸಹಿಸಿಕೊಳ್ಳುತ್ತದೆ. ಮೋಕಾಗೆ ಹಾಗೆ ಆಗುವುದಿಲ್ಲ. 75 ಓಮ್‌ನ ವಯರು, ಅದರ ತುದಿಗೆ ಸರಿಯಾಗಿ ತಿರುಗಿಸಿ ಕೂರಿಸಿದ ಎಫ್ ಪಿನ್, 1675 ಮೆಗಾಹರ್ಟ್ಸ್‌ವರೆಗೆ ಬಿಡುವ ಸ್ಪ್ಲಿಟರ್, ಇಷ್ಟು ಇರಲೇಬೇಕು. ಆ ಹಳೇ ಸ್ಪ್ಲಿಟರ್ ತೆಗೆದು ಎರಡು ವಯರನ್ನು ಪಿನ್ ಹಾಕಿ ಜಾಯಿನ್ ಮಾಡಿದ ಮೇಲೆ ನೂರಕ್ಕೆ ನೂರು ಬಂತು. ಅಲ್ಲಿಂದ ಮುಂದೆ ಕೆಲವು ವಾರ ನಿಜಕ್ಕೂ ಚೆನ್ನಾಗಿತ್ತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಆಮೇಲೆ ತುಲಾ ತಿಂಗಳ ಮಳೆ ಬಂತು.

ಕಾಸರಗೋಡಿನವರಿಗೆ ಅಕ್ಟೋಬರ್, ನವೆಂಬರ್‌ನ ಗುಡುಗಿನ ಬಗ್ಗೆ ಹೇಳಬೇಕಿಲ್ಲ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಮಿಂಚಿನ ಬಗ್ಗೆ ಜಾಗ್ರತೆ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಸಲ ಹೇಳುತ್ತದೆ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಇದ್ದಾಗ ಸಿಡಿಲಿಗೆ ಮೋಡೆಮ್ ಸುಡದ ಮನೆ ನಮ್ಮ ಕಡೆ ಕಡಿಮೆ. ಫೈಬರ್ ಬಂದ ಮೇಲೆ ಆ ಭಯ ಹೋಗಿತ್ತು. ಫೈಬರ್‌ನಲ್ಲಿ ಬೆಳಕು ಹೋಗುವುದು ಗಾಜಿನ ಎಳೆಯಲ್ಲಿ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ಲಗ್ ತೆಗೆದಿಟ್ಟರೆ ಮುಗಿಯಿತು.

ಅವತ್ತೂ ಗುಡುಗು ಶುರುವಾದಾಗ ಎಲ್ಲಾ ಪ್ಲಗ್ ತೆಗೆದಿದ್ದೆವು. ರೌಟರ್‌ದು, ಎರಡೂ ಪೆಟ್ಟಿಗೆಯದು, ಲ್ಯಾಪ್‌ಟಾಪ್‌ದು. ತೋಟದ ಆಚೆ ಬದಿಯ ತೆಂಗಿನ ಮರಕ್ಕೆ ಸಿಡಿಲು ಬಿತ್ತು. ಕರೆಂಟ್ ಬಂದ ಮೇಲೆ ನೋಡಿದರೆ ಎರಡೂ ಮೋಕಾ ಪೆಟ್ಟಿಗೆ ಸತ್ತಿವೆ. ಫೈಬರ್ ಮೋಡೆಮ್‌ನ ಲ್ಯಾನ್ ಪೋರ್ಟ್ ಸತ್ತಿದೆ. ಮಗಳ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟೂ ಹೋಗಿದೆ. ಕಂಪನಿಯ ಲ್ಯಾಪ್‌ಟಾಪ್ ಬೇರೆ.

ಪ್ಲಗ್ ತೆಗೆದಿದ್ದರೂ ಹೇಗೆ? ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ವಯರು ಹಿಡಿದು ಹುಡುಕಿಸಿದೆವು. ಮೆಟ್ಟಿಲಿನ ಹತ್ತಿರ ಅಂಗಡಿಯವರು ಹಾಕಿದ ಸ್ಪ್ಲಿಟರ್‌ಗೆ ಒಂದು ಹೆಚ್ಚಿನ ವಯರು ಸೇರಿತ್ತು. ಅದು ನೇರ ಟೆರೇಸಿಗೆ ಹೋಗಿ, ನಾವು ಬಿಟ್ಟುಹಾಕಿದ್ದ ಮೊದಲಿನ ಕಂಪನಿಯ ತುಕ್ಕು ಹಿಡಿದ ಡಿಶ್‌ಗೆ ಮುಟ್ಟುತ್ತಿತ್ತು. ಕೆಲಸದ ದಿನ ನಾನು ಆ ಡಿಶ್ ತೋರಿಸಿ ಕೇಳಿದ್ದೆ. "ಅದು ಸುಮ್ನೆ ಇರುವುದು ಅಣ್ಣಾ, ಡೆಡ್" ಅಂದಿದ್ದರು. ಟಿವಿಗೆ ಅದು ಡೆಡ್. ಸಿಡಿಲಿಗೆ ಅಲ್ಲ. ಟೆರೇಸಿನ ಮೇಲೆ ಅರ್ಥಿಂಗ್ ಇಲ್ಲದ ಕಬ್ಬಿಣ, ಅದರಿಂದ ತಾಮ್ರದ ವಯರು, ಅದರಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಲ್ಯಾನ್ ವಯರು, ಅಲ್ಲಿಂದ ಲ್ಯಾಪ್‌ಟಾಪ್. ಈ ದಾರಿಯಲ್ಲಿ ಗೋಡೆಯ ಪ್ಲಗ್ ಎಲ್ಲೂ ಬರುವುದೇ ಇಲ್ಲ. ಫೈಬರ್ ಹಾಕಿಸಿ ಹೊರಗಿಟ್ಟಿದ್ದ ಸಿಡಿಲನ್ನು ಕೋಆಕ್ಸ್ ಮೂಲಕ ಮತ್ತೆ ಒಳಗೆ ಕರೆಸಿದ ಹಾಗಾಯಿತು.

ಅಂಗಡಿಯವರ ಉತ್ತರ ಒಂದೇ ಸಾಲು. ಸಿಡಿಲಿಗೆ ವಾರಂಟಿ ಇಲ್ಲ. ಫೈಬರ್ ಮೋಡೆಮ್‌ಗೆ ನಾವೇ ದುಡ್ಡು ಕಟ್ಟಿದೆವು.

ನೀವು ಮಾಡಿಸುವುದೇ ಆದರೆ ಮೊದಲು ಟೆರೇಸ್ ಹತ್ತಿ. ಅಲ್ಲಿಂದ ಒಳಗೆ ಇಳಿಯುವ ಪ್ರತಿಯೊಂದು ವಯರೂ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಾರೆ ನೋಡಿ. ಇಂಟರ್ನೆಟ್ ಹಾಯುವ ಕೋಆಕ್ಸ್‌ಗೂ ಹೊರಗಿನ ಯಾವ ಡಿಶ್‌ಗೂ ಸಂಬಂಧ ಇರಬಾರದು, ಹಳತಾಗಲಿ ಹೊಸತಾಗಲಿ. ಇರುವ ಡಿಶ್‌ನ ಕಂಬಕ್ಕೆ, ವಯರು ಒಳಬರುವ ಜಾಗದಲ್ಲಿ ವಯರಿಗೆ, ಸರಿಯಾದ ಅರ್ಥಿಂಗ್ ಮಾಡಿಸಿ. ಹಾಗೆ ಮಾಡಿದರೂ ಹತ್ತಿರದ ಸಿಡಿಲಿಗೆ ಭರವಸೆ ಇಲ್ಲ, ಗುಡುಗುವಾಗ ವಯರು ಬಿಚ್ಚಿಡುವುದೇ ಒಳ್ಳೆಯದು. ಇನ್ನೂ ಕೇಬಲ್ ಟಿವಿ ಇರುವ ಮನೆಯಾದರೆ ಹೊರಗಿನ ಲೈನ್ ಒಳಬರುವಲ್ಲಿ ಮೋಕಾ ಫಿಲ್ಟರ್ ಹಾಕಲೇಬೇಕು. ಇಲ್ಲದಿದ್ದರೆ ನಿಮ್ಮ ಸಿಗ್ನಲ್ ಅದೇ ಲೈನಿನಲ್ಲಿ ಪಕ್ಕದ ಮನೆಗೂ ಹೋಗಬಹುದು. ಪೆಟ್ಟಿಗೆಯ ಪಾಸ್‌ವರ್ಡ್ ಸೌಲಭ್ಯವನ್ನೂ ಆನ್ ಮಾಡಿಸಿ.

ಇನ್ನೊಂದು ಮೋಸವೂ ಓಡಾಡುತ್ತಿದೆ. ಒಂದು ಬದಿ ಕೋಆಕ್ಸ್ ಪಿನ್, ಇನ್ನೊಂದು ಬದಿ ಲ್ಯಾನ್ ಪೋರ್ಟ್ ಇರುವ ಚಿಕ್ಕ ಕನ್ವರ್ಟರ್, ಕರೆಂಟೂ ಬೇಡ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಲ್ಯಾನ್‌ಗೆ ನೂರು ಎಂಬಿಪಿಎಸ್‌ಗೇ ಎರಡು ಜೊತೆ ತಂತಿ ಬೇಕು, ಗಿಗಾಬಿಟ್‌ಗೆ ನಾಲ್ಕು ಜೊತೆ. ಕೋಆಕ್ಸ್‌ನಲ್ಲಿ ಇರುವುದು ನಡುವಿನ ಒಂದು ತಂತಿ, ಸುತ್ತ ಒಂದು ಬಲೆ. ಒಳಗೆ ಚಿಪ್ ಇಲ್ಲದ, ಕರೆಂಟ್ ಬೇಡದ ಯಾವ ಕನ್ವರ್ಟರೂ ಇದರಲ್ಲಿ ಮನೆಯ ಇಂಟರ್ನೆಟ್ ಸಾಗಿಸಲಾರದು. ಅವು ಹೆಚ್ಚಾಗಿ ಸಿಸಿಟಿವಿ ಕ್ಯಾಮರಾದ ಚಿತ್ರಕ್ಕೆ ಮಾಡಿದವು.

ನಾವು ಕೊನೆಗೆ ಮಾಡಿಸಿದ್ದು ಇಷ್ಟು. ಹಳೇ ಕೋಆಕ್ಸ್‌ನ ಒಂದು ತುದಿಗೆ ಕ್ಯಾಟ್ 6 ಎಂಬ ಲ್ಯಾನ್ ವಯರನ್ನು ಕಟ್ಟಿ, ಇನ್ನೊಂದು ತುದಿಯಿಂದ ಮೆಲ್ಲ ಎಳೆದರು. ಅದೇ ಪೈಪಿನಲ್ಲಿ ಕೋಆಕ್ಸ್ ಹೊರಗೆ, ಕ್ಯಾಟ್ 6 ಒಳಗೆ. ಗೋಡೆ ಒಡೆಯಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಮಾತ್ರ ಪೈಪ್ ಸಿಮೆಂಟ್ ತುಂಬಿ ಮುಚ್ಚಿಹೋಗಿತ್ತು, ಅಲ್ಲಿ ಗೋಡೆಯ ಮೇಲೆ ಪಟ್ಟಿ ಹೊಡೆದು ತಂದರು. ನೋಡಲು ಚಂದ ಇಲ್ಲ, ಇರಲಿ. ಕ್ಯಾಟ್ 6 ನೂರು ಮೀಟರ್‌ವರೆಗೆ ಗಿಗಾಬಿಟ್ ಆರಾಮವಾಗಿ ಕೊಡುತ್ತದೆ, ನಮ್ಮ ಮನೆಗೆ ಅದರ ಅರ್ಧವೂ ಬೇಡ. ವಯರು ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ, ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂನದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಮನೆಯ ಕರೆಂಟ್ ವಯರು ಹೋಗುವ ಪೈಪಿನಲ್ಲಿ ಇದನ್ನು ತೂರಿಸಲೂ ಬಿಡಬೇಡಿ. ಇಡೀ ಕೆಲಸಕ್ಕೆ ಆದ ಖರ್ಚು ಆ ಎರಡು ಪೆಟ್ಟಿಗೆಯ ಬೆಲೆಯ ಕಾಲು ಭಾಗವೂ ಇಲ್ಲ.

ದುಡ್ಡಿನ ವಿಷಯದಲ್ಲಿ ನಮಗೆ ಅಡ್ಡ ಬಂದದ್ದು ಬಿಲ್. ಅಂಗಡಿಯವರು ಕೊಟ್ಟದ್ದು ಕೈಬರಹದ ಚೀಟಿ. ಅದರಲ್ಲಿ ಪೆಟ್ಟಿಗೆಯ ಮಾಡೆಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಸರಿಯಾದ ಬಿಲ್ ಕೇಳಿದಾಗಲೆಲ್ಲ "ಆಮೇಲೆ ಕಳಿಸುತ್ತೇವೆ". ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಂಗಡಿಯವರ ಜೊತೆ ವಾಟ್ಸ್ಯಾಪ್‌ನಲ್ಲಿ ಆದ ಮಾತುಕತೆ ಅಳಿಸದೆ ಇಟ್ಟದ್ದು ಈಗ ಉಪಯೋಗಕ್ಕೆ ಬಂತು. ಟಿವಿಗೆ ತೊಂದರೆ ಆಗುವುದಿಲ್ಲ ಎಂಬ ಅವರ ಗ್ಯಾರಂಟಿ ಅದರಲ್ಲೇ ಇದೆ. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಅಂತ ಮಗಳು ಕಾಗದಪತ್ರ ಜೋಡಿಸುತ್ತಿದ್ದಾಳೆ.