ಹಾಸನ, ಬೇಲೂರು, ಸಕಲೇಶಪುರ ಕಡೆಯವರೇ, 'ಡಿಜಿಟಲ್ ಆಂಟೆನಾ' ಅಂತ ಮಾರೋರಿಗೆ ದುಡ್ಡು ಕೊಡಬೇಡಿ

'ತಿಂಗಳ ದುಡ್ಡಿಲ್ಲ, ಡಿಶ್ ಬೇಡ, ಬಾಕ್ಸ್ ಬೇಡ, ಈ ಆಂಟೆನಾ ಒಂದು ಹಾಕಿಸಿ, ನೂರಕ್ಕೂ ಜಾಸ್ತಿ ಚಾನೆಲ್ ಬರುತ್ತೆ' ಅಂತ ನಮ್ಮ ಜಿಲ್ಲೆಯಲ್ಲಿ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬರಲ್ಲ. ಒಂದು ಚಾನೆಲ್ಲೂ ಬರಲ್ಲ. ನಮ್ಮನೆಯಿಂದ 3,200 ರೂಪಾಯಿ ಹೋಗಿದೆ.

ನಮ್ಮದು ಅರೇಹಳ್ಳಿ ಕಡೆ ತೋಟದ ಮನೆ. ಕೇಬಲ್ ಇಲ್ಲಿಗೆ ಬಂದಿಲ್ಲ. ಇರೋ ಡಿಶ್ ಈ ಮಳೆಗಾಲದಲ್ಲಿ ಜಿಟಿಜಿಟಿ ಮಳೆಗೂ 'ನೋ ಸಿಗ್ನಲ್' ಅಂತ ಕೂರೋಕೆ ಶುರು ಮಾಡ್ತು. ಮಾವನವರಿಗೆ ಚಂದನದ ಕೃಷಿ ಕಾರ್ಯಕ್ರಮ, ಸಂಜೆ ವಾರ್ತೆ ಬೇಕೇ ಬೇಕು. ಹಾಸನ ಪೇಟೆಯ ಒಂದು ಅಂಗಡಿಯಲ್ಲಿ, ಹೆಸರು ಹಾಕಲ್ಲ, ಬಾಗಿಲಲ್ಲೇ ದೊಡ್ಡ ಟಿವಿ ಇಟ್ಟಿದ್ದರು. ಪಕ್ಕದಲ್ಲಿ ಆಂಟೆನಾ, ಪರದೆ ಮೇಲೆ ಚಂದನ, ಒಂದು ಚುಕ್ಕೆ ಇಲ್ಲ. ಡಬ್ಬದ ಮೇಲೆ 4ಕೆ, 5ಜಿ, 250 ಕಿಲೋಮೀಟರ್ ರೇಂಜ್ ಅಂತೆಲ್ಲ ಅಚ್ಚಾಗಿತ್ತು.

'ಮಳೆ ಬಂದ್ರೂ ಹೋಗಲ್ವಾ?' ಅಂತ ನಾನೇ ಬಾಯ್ಬಿಟ್ಟು ಕೇಳಿದೆ.

'ಅಕ್ಕ, ಡಿಶ್ಶಿಗೆ ಸಿಗ್ನಲ್ ಆಕಾಶದಿಂದ ಬರುತ್ತೆ, ಮಳೆ ಅಡ್ಡ ಆಗುತ್ತೆ. ಇದು ಭೂಮಿ ಮೇಲಿನ ಟವರ್ ಸಿಗ್ನಲ್. ಮಳೆಗೂ ಇದಕ್ಕೂ ಸಂಬಂಧನೇ ಇಲ್ಲ.'

ಇದರಲ್ಲಿ ಸುಳ್ಳೇನಿಲ್ಲ ನೋಡಿ. ಅದಕ್ಕೇ ನಂಬಿಕೆ ಬರೋದು. ಆ ಟವರ್ ಎಲ್ಲಿದೆ ಅನ್ನೋದನ್ನ ಮಾತ್ರ ಹೇಳಲಿಲ್ಲ.

ಅವರ ಹುಡುಗ ಬಂದು ಮಾಡಿನ ಮೇಲೆ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದ. ಟಿವಿಯಲ್ಲಿ ಸ್ಕ್ಯಾನ್ ಹಾಕಿದ. ನೀಲಿ ಗೆರೆ ನಿಧಾನಕ್ಕೆ ನೂರರವರೆಗೆ ಹೋಯಿತು. ಕೆಳಗೆ 'ಡಿಜಿಟಲ್: 0, ಅನಲಾಗ್: 0'. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಸೊನ್ನೆ. 'ಬೂಸ್ಟರ್ ಹಾಕಿದ್ರೆ ಎಳೆಯುತ್ತೆ ಅಕ್ಕ' ಅಂದ. ಬೂಸ್ಟರ್‌ಗೆ ಬೇರೆ 900. ಹಾಕಿದ ಮೇಲೂ ಸೊನ್ನೆ. 'ಬೆಳಗ್ಗೆ ಹೊತ್ತು ಸ್ಕ್ಯಾನ್ ಮಾಡಿ' ಅಂತ ಹೇಳಿ ಗಾಡಿ ಹತ್ತಿದ.

ಆಮೇಲೆ ಫೋನಲ್ಲಿ ಬಂದ ಉತ್ತರಗಳು. 'ಸಿಲ್ವರ್ ಮರ ಅಡ್ಡ ಇರ್ಬೇಕು, ಕೊಂಬೆ ಕಡಿಸಿ.' ಕಡಿಸಿದೆವು. 'ನಿಮ್ಮ ಟಿವಿ ಹಳೇದಿರ್ಬೇಕು.' ಟಿವಿ ಹೋದ ದೀಪಾವಳಿಗೆ ತಂದಿದ್ದು. 'ನಿಮಗೆ ಟೆಕ್ನಿಕಲ್ ವಿಷಯ ಗೊತ್ತಾಗಲ್ಲ ಅಕ್ಕ, ಮನೆಯವರ ಕೈಲಿ ಫೋನ್ ಮಾಡ್ಸಿ.' ಈ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಇತ್ತ ಮಾವನವರು ದಿನಾ ಸಂಜೆ 'ಬಂತೇನಮ್ಮ ಚಂದನ?' ಅಂತ ಕೇಳೋರು. ಅವರಿಗೆ ಏನು ಹೇಳಲಿ?

ಕೊನೆಗೆ ನೇರ ಅಂಗಡಿಗೇ ಹೋದೆ. ಬಾಗಿಲಲ್ಲಿ ಅದೇ ಟಿವಿ, ಅದೇ ಚಂದನ. ಮಾಲೀಕರು ಬೇರೆ ಗಿರಾಕಿ ಹತ್ತಿರ ಮಾತಾಡ್ತಿದ್ದರು. ನಾನು ಸುಮ್ಮನೆ ಆ ಆಂಟೆನಾದ ವೈರ್ ಹಿಡಿದು ನೋಡಿದೆ. ವೈರ್ ಮೇಜಿನ ಹಿಂದೆ ಇಳಿದು ನೆಲದ ಮೇಲೆ ಬಿದ್ದಿತ್ತು. ತುದಿಯ ಪಿನ್ನು ಯಾವುದಕ್ಕೂ ಚುಚ್ಚಿರಲಿಲ್ಲ. ಪಿನ್ನು ನನ್ನ ಕೈಯಲ್ಲಿ, ಪರದೆ ಮೇಲೆ ಚಂದನ ನಡೀತಾನೇ ಇದೆ! ಟಿವಿ ಹಿಂದೆ ಒಂದು ಸೆಟ್‌ಟಾಪ್ ಬಾಕ್ಸ್ ಅಂಟಿಸಿದ್ದರು. ಅಂದರೆ ತೋರಿಸಿದ್ದು ಡಿಶ್, ಮಾರಿದ್ದು ಆಂಟೆನಾ.

ಅಷ್ಟು ಜನರ ಮುಂದೆ ಪಿನ್ನು ಎತ್ತಿ ತೋರಿಸಿ ಕೇಳಿದೆ. ಅವರು ಏನಂದ್ರು ಗೊತ್ತಾ? 'ನಾವು ಆಂಟೆನಾ ಮಾರೋರು ಮೇಡಂ. ಸಿಗ್ನಲ್ ಸರ್ಕಾರದ್ದು. ಸರ್ಕಾರನ ಕೇಳಿ.' ಅಲ್ಲಿವರೆಗೆ ಅಕ್ಕ, ಆಗ ಮೇಡಂ. ಪಕ್ಕದಲ್ಲಿದ್ದ ಗಿರಾಕಿ ನಕ್ಕ.

ಈಗ ವಿಚಾರಿಸಿ ತಿಳ್ಕೊಂಡಿದ್ದು ಹೇಳ್ತೀನಿ. ಮೀನಿನ ಮುಳ್ಳಿನಂಥ ಆಂಟೆನಾದಲ್ಲಿ ನಾವೆಲ್ಲ ದೂರದರ್ಶನ ನೋಡ್ತಿದ್ವಲ್ಲ, ಆ ಹಳೇ ಅನಲಾಗ್ ಪ್ರಸಾರವನ್ನ 2022ರ ಮಾರ್ಚ್ ಹೊತ್ತಿಗೆ ದೇಶದಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿದ್ದಾರೆ. ಟವರ್‌ನಿಂದ ಡಿಜಿಟಲ್ ಪ್ರಸಾರ 2016ರಲ್ಲಿ ಶುರುವಾಗಿದ್ದು ಕೆಲವೇ ದೊಡ್ಡ ನಗರಗಳಲ್ಲಿ, ನಮ್ಮ ರಾಜ್ಯಕ್ಕೆ ಬೆಂಗಳೂರು. ಅದರಲ್ಲೂ ಬರೋದು ದೂರದರ್ಶನದ ನಾಲ್ಕಾರು ಚಾನೆಲ್, ನೂರಲ್ಲ. ನೂರೈವತ್ತು ಕಿಲೋಮೀಟರ್ ಆಚೆ ಮಲೆನಾಡಿನ ಗುಡ್ಡದ ಹಿಂದೆ ಅದು ಸಿಗಲ್ಲ. ಬೂಸ್ಟರ್ ಬಂದ ಸಿಗ್ನಲ್ಲನ್ನ ಜೋರು ಮಾಡುತ್ತೆ ಅಷ್ಟೆ, ಇಲ್ಲದ್ದನ್ನ ಎಲ್ಲಿಂದ ತರುತ್ತೆ? 'ಡಿಜಿಟಲ್ ಆಂಟೆನಾ' ಅಂತ ಬೇರೆ ಜಾತಿಯೂ ಇಲ್ಲ. ಆಂಟೆನಾಗೆ ಡಿಜಿಟಲ್, ಅನಲಾಗ್ ಎರಡೂ ಒಂದೇ, ವ್ಯತ್ಯಾಸ ಇರೋದು ಟಿವಿ ಒಳಗೆ ಸಿಗ್ನಲ್ ಹಿಡಿದು ಚಾನೆಲ್ ಬಿಡಿಸೋ ಟ್ಯೂನರ್‌ನಲ್ಲಿ.

ತಿಂಗಳ ದುಡ್ಡು ಬೇಡ ಅನ್ನೋರಿಗೆ ದೂರದರ್ಶನದ್ದೇ ಫ್ರೀ ಡಿಶ್ ಇದೆ, ಚಂದನ ಅದರಲ್ಲಿ ಬರುತ್ತೆ. ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ, ನಮ್ಮ ಕಡೆಯಿಂದ ತಟ್ಟೆ ಆಗ್ನೇಯಕ್ಕೆ, ಚೆನ್ನಾಗಿ ಮೇಲಕ್ಕೆ ನೋಡ್ಬೇಕು. ಜೋರು ಮಳೆಗೆ ಯಾವ ಡಿಶ್ಶಾದರೂ ಸ್ವಲ್ಪ ಹೊತ್ತು ಹೋಗುತ್ತೆ. ಆದರೆ ಜಿಟಿಜಿಟಿ ಮಳೆಗೂ ಹೋದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿಸಿ. ನಮ್ಮದರಲ್ಲಿ ಆಗಿದ್ದು ಇಷ್ಟೇ. ತಟ್ಟೆ ಮುಂದೆ ಸಿಗ್ನಲ್ ಹಿಡಿಯೋ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿಗೆ ವೈರ್ ಸೇರೋ ಜಾಗದಲ್ಲಿ ನೀರಿಳಿದು ಒಳಗಿನ ತಾಮ್ರ ಹಸಿರುಗಟ್ಟಿತ್ತು. ಊರಿನ ಮೆಕ್ಯಾನಿಕ್ ಹುಡುಗ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ಟೇಪ್ ಸುತ್ತಿದ. ಐವತ್ತು ರೂಪಾಯಿ. ಐವತ್ತರಲ್ಲಿ ಮುಗಿಯೋ ಕೆಲಸಕ್ಕೆ 3,200 ಕಿತ್ತುಕೊಂಡರಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಅಂಗಡಿ ಟಿವಿ ನೋಡಿ ದುಡ್ಡು ಕೊಡಬೇಡಿ. ನಿಮ್ಮ ಮನೆ ಟಿವಿಯಲ್ಲಿ ಚಾನೆಲ್ ಬಂದ ಮೇಲೆ ಕೊಡಿ. ಬಿಲ್ ಕೇಳಿ. ನನಗೆ ಕೊಟ್ಟಿದ್ದು ತುಂಡು ಚೀಟಿ, 'ಆಂಟೆನಾ 1, ಬೂಸ್ಟರ್ 1' ಅಂತ. ಅದನ್ನೇ ಇಟ್ಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಹಾಸನದಲ್ಲಿ ಇದೇ ಥರ ಆಂಟೆನಾ ತಗೊಂಡು ಸೊನ್ನೆ ನೋಡಿದವರು ಇದ್ದರೆ ನೀವೂ ದೂರು ಕೊಡಿ, ಚೀಟಿ ಬಿಸಾಕಬೇಡಿ.