ಹಳೇ ಸ್ಪೆಕ್ಟ್ರಮ್‌ಗೆ 7805 ಹಾಕೋದಾ, ಸ್ವಿಚಿಂಗ್ ಮಾಡ್ಯೂಲಾ?

ಅಟ್ಟದಿಂದ ಇಳಿಸಿದ 1982ರ ಮಾದರಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ (ಟಿವಿಗೆ ಜೋಡಿಸಿ ಬಳಸುವ ಹಳೇ ಹೋಮ್ ಕಂಪ್ಯೂಟರ್) ಆನ್ ಆಗ್ತಿಲ್ವಾ? ಮೊದಲು ಅಡಾಪ್ಟರ್ ನೋಡಿ. ಇದಕ್ಕೆ 9 ವೋಲ್ಟ್ ಡಿಸಿ ಬೇಕು, ಆದರೆ ಪ್ಲಗ್ಗಿನ ನಡುಭಾಗ ಮೈನಸ್. ಈಗಿನ ಅಡಾಪ್ಟರ್‌ಗಳಲ್ಲಿ ಜಾಸ್ತಿ ಇದರ ಉಲ್ಟಾ. ಕೈಗೆ ಸಿಕ್ಕಿದ್ದನ್ನು ಸುಮ್ನೆ ಚುಚ್ಚಬೇಡಿ.

ಅಡಾಪ್ಟರ್ ಸರಿ ಇದ್ದು, ಬೋರ್ಡಿನ ಮೂರು ಕಾಲಿನ 7805 ರೆಗ್ಯುಲೇಟರ್ 5 ವೋಲ್ಟ್ ಕೊಡದಿದ್ದರೆ, ಅದನ್ನು ಬಿಚ್ಚಿ. 5 ವೋಲ್ಟ್ ಲೈನ್ ಶಾರ್ಟ್ ಆಗಿಲ್ಲ ಅಂತ ಮೀಟರ್ ಇಟ್ಟು ನೋಡಿ. ಆಮೇಲೆ ಆಯ್ಕೆ.

ಹೊಸ 7805 ತುಂಬಾ ಅಗ್ಗ. ಆದರೆ 9ರಿಂದ 5ಕ್ಕೆ ಇಳಿಸುವಾಗ ಉಳಿದ 4 ವೋಲ್ಟನ್ನು ಅದು ಬರೀ ಬಿಸಿ ಮಾಡಿ ಕಳೆಯುತ್ತದೆ. ಮುಕ್ಕಾಲು ಆಂಪ್ ಹರಿದರೆ 3 ವ್ಯಾಟ್. ಅಡಾಪ್ಟರ್ 9ಕ್ಕಿಂತ ಹೆಚ್ಚು ಕೊಟ್ಟರೆ ಇನ್ನೂ ಜಾಸ್ತಿ. ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ ಕಾದಿರುತ್ತದೆ, ಅಲ್ವಾ? ಅರ್ಧ ಗಂಟೆ ಬಿಟ್ಟು ಡಬ್ಬಿಯ ಮೇಲೆ ಅಂಗೈ ಇಡಿ, ಹಂಚಿನಿಂದ ಈಗಷ್ಟೇ ಇಳಿಸಿದ ಜೋಳದ ರೊಟ್ಟಿ ಮುಟ್ಟಿದ ಹಾಗಿರುತ್ತದೆ. ಹಳೇ ಚಿಪ್‌ಗಳಿಗೆ ಆ ಕಾವು ಒಳ್ಳೆಯದಲ್ಲ.

ಸ್ವಿಚಿಂಗ್ ಮಾಡ್ಯೂಲ್ ಅದೇ ಕೆಲಸವನ್ನು ಹೆಚ್ಚು ಬಿಸಿಯಾಗದೆ ಮಾಡುತ್ತದೆ, ಅದೇ ಮೂರು ತೂತಿಗೆ ಕೂರುತ್ತದೆ. ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಬೇಡ. ಬೆಲೆ ಹಲವು ಪಟ್ಟು. ಕಳಪೆಯದಾದರೆ ಟಿವಿ ಚಿತ್ರದಲ್ಲಿ ಸಣ್ಣ ಗೆರೆ ಕಾಣಬಹುದು.

ದಿನಾ ಬಳಸೋದಾದರೆ ನಾನು ಮಾಡ್ಯೂಲನ್ನೇ ಹಾಕುತ್ತೇನೆ. ಮೂಲ ರೂಪದಲ್ಲೇ ಉಳಿಸಿಕೊಳ್ಳುವ ಆಸೆ ಇದ್ದರೆ, ಅಪರೂಪಕ್ಕೆ ಆನ್ ಮಾಡೋದಾದರೆ, 7805 ಸಾಕು. ಆದರೆ 4116 ಮೆಮೊರಿ ಚಿಪ್‌ಗಳಿಗೆ 12 ಮತ್ತು ಮೈನಸ್ 5 ವೋಲ್ಟ್ ಕೂಡ ಬೇಕು. ಅದನ್ನು ಕೊಡುವ ಟ್ರಾನ್ಸಿಸ್ಟರ್ ಭಾಗವೇ ಬೇರೆ. ಅದು ಕೆಟ್ಟಿದ್ದರೆ ಇವೆರಡರಲ್ಲಿ ಯಾವುದು ಹಾಕಿದರೂ ಮಷಿನ್ ಏಳೋದಿಲ್ಲ.